ಜ್ವರ ಬಿಟ್ಟ ಮೇಲಿನ ‘ಗಂಟುನೋವು ಪ್ಯಾಕೇಜ್’: ಯಾವ ಟೆಸ್ಟಿಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಮಳೆ ಹಿಡಿದು ತಿಂಗಳೊಂದು ಕಳೆದರೆ ಸಾಕು, ಮಂಗಳೂರು, ಉಡುಪಿಯ ಲ್ಯಾಬ್‌ಗಳ ಕೌಂಟರಿನಲ್ಲಿ ಎರಡು ಪ್ಯಾಕೇಜ್‌ಗಳ ಹೆಸರು ಪದೇ ಪದೇ ಕೇಳುತ್ತದೆ. ಒಂದು ‘ಫೀವರ್ ಪ್ರೊಫೈಲ್’, ಇನ್ನೊಂದು ‘ಆರ್ಥ್ರೈಟಿಸ್ ಪ್ರೊಫೈಲ್’. ಜ್ವರ ಬಂದಾಗ ಮೊದಲನೆಯದು, ಜ್ವರ ಬಿಟ್ಟು ಹತ್ತು ಹದಿನೈದು ದಿನಕ್ಕೆ ಎರಡನೆಯದು. ಅಷ್ಟು ಹೊತ್ತಿಗೆ ಮೈ ತಣ್ಣಗಾಗಿರುತ್ತದೆ, ಆದರೆ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗುವುದಿಲ್ಲ, ನಳ್ಳಿ ತಿರುಗಿಸಲಾಗುವುದಿಲ್ಲ, ಶೌಚಕ್ಕೆ ಕುಳಿತರೆ ಏಳಲು ಗೋಡೆ ಹಿಡಿಯಬೇಕು. ‘ಇದು ಆರ್‌ಎ ಇರಬಹುದು, ಒಮ್ಮೆ ಪ್ಯಾಕೇಜ್ ಮಾಡಿಸಿಬಿಡಿ’ ಎಂದು ಯಾರೋ ಹೇಳಿರುತ್ತಾರೆ. ಆರ್‌ಎ ಎಂದರೆ ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗಂಟುಗಳ ಮೇಲೆ ತಿರುಗಿಬೀಳುವ ಕಾಯಿಲೆ.

ಈ ವಿಮರ್ಶೆ ಆ ಎರಡನೆಯ ಪ್ಯಾಕೇಜಿನದು. ಒಂದು ಲ್ಯಾಬಿನ ಮಾತಲ್ಲ. ಹೊರಗಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ ಮತ್ತು ಸಿಆರ್‌ಪಿ (ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವವು), ಆರ್‌ಎ ಫ್ಯಾಕ್ಟರ್, ಎಎಸ್‌ಒ, ಯೂರಿಕ್ ಆ್ಯಸಿಡ್, ಕ್ಯಾಲ್ಸಿಯಂ. ಸ್ವಲ್ಪ ದುಬಾರಿಯದ್ದಾದರೆ ಆ್ಯಂಟಿ ಸಿಸಿಪಿ, ಎಎನ್‌ಎ. ಆ್ಯಂಟಿಬಾಡಿ ಎಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು, ಇವೆರಡು ಹುಡುಕುವುದು ದಾರಿ ತಪ್ಪಿ ಸ್ವಂತ ದೇಹದ ಮೇಲೆ ತಿರುಗಿದ ಆ್ಯಂಟಿಬಾಡಿಗಳನ್ನು. ಇನ್ನೂ ಮೇಲಿನದಾದರೆ ಎಚ್‌ಎಲ್‌ಎ ಬಿ27 (ಬೆನ್ನಿನ ಗಂಟುರೋಗಕ್ಕೆ ನಂಟಿರುವ ವಂಶವಾಹಿ ಗುರುತು), ವಿಟಮಿನ್ ಡಿ, ಕೆಲವು ಕಡೆ ‘ವೈರಲ್ ಟ್ರಿಗರ್’ ಎಂಬ ಹೆಸರಿನಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸಿನ ಆ್ಯಂಟಿಬಾಡಿ.

ಅಭಿಪ್ರಾಯ ಮೊದಲೇ ಹೇಳಿಬಿಡಬಹುದು. ಟೆಸ್ಟ್‌ಗಳಲ್ಲಿ ದೋಷವಿಲ್ಲ, ಮಾರುವ ಸಮಯದಲ್ಲಿ ದೋಷವಿದೆ. ಜ್ವರದ ಎರಡನೇ ವಾರದಲ್ಲಿ ಈ ಪ್ಯಾಕೇಜ್ ಮಾಡಿಸಿದರೆ ಸಿಗುವುದು ಉತ್ತರವಲ್ಲ, ಹೊಸ ಹೆದರಿಕೆ. ನಿಜವಾಗಿ ಬೇಕಾದ ಮೂರು ಅಗ್ಗದ ಟೆಸ್ಟ್‌ಗಳು ಇದರೊಳಗೆ ಸಾಮಾನ್ಯವಾಗಿ ಇರುವುದೇ ಇಲ್ಲ. ಅವು ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ನೋಡುವುದು), ಆ್ಯಂಟಿ ಎಚ್‌ಸಿವಿ (ಹೆಪಟೈಟಿಸ್ ಸಿ ನೋಡುವುದು) ಮತ್ತು ಯೂರಿನ್ ರೊಟೀನ್, ಅಂದರೆ ಮಾಮೂಲಿ ಮೂತ್ರ ಪರೀಕ್ಷೆ.

ಎರಡನೇ ವಾರ ಯಾಕೆ ಬೇಡ ಎಂಬುದಕ್ಕೆ ಒಂದು ಲೆಕ್ಕ ಸಾಕು. ರುಮಟಾಯ್ಡ್ ಆರ್ಥ್ರೈಟಿಸ್ ಗುರುತಿಸಲು ಅಮೆರಿಕ ಮತ್ತು ಯುರೋಪಿನ ರುಮಟಾಲಜಿ (ಗಂಟುರೋಗ ತಜ್ಞರ) ಸಂಘಟನೆಗಳು 2010ರಲ್ಲಿ ಒಂದು ಅಂಕಪಟ್ಟಿ ಮಾಡಿದವು. ಒಟ್ಟು 10 ಅಂಕ, 6 ಬಂದರೆ ಆರ್‌ಎ. ಹತ್ತಕ್ಕಿಂತ ಹೆಚ್ಚು ಗಂಟುಗಳಲ್ಲಿ ಬಾವೋ ಒತ್ತಿದರೆ ನೋವೋ ಇದ್ದು, ಅದರಲ್ಲಿ ಒಂದಾದರೂ ಬೆರಳಿನಂಥ ಸಣ್ಣ ಗಂಟಾಗಿದ್ದರೆ 5 ಅಂಕ. ಇಎಸ್‌ಆರ್ ಅಥವಾ ಸಿಆರ್‌ಪಿ ಹೆಚ್ಚಿದ್ದರೆ 1. ಈಗ ಚಿಕುನ್‌ಗುನ್ಯ ಬಂದವರ ಕೈಕಾಲು ನೋಡಿ. ಎರಡೂ ಕೈಯ ಬೆರಳು, ಮಣಿಕಟ್ಟು, ಮಂಡಿ, ಪಾದದ ಗಂಟು ಎಲ್ಲ ಸೇರಿ ಹತ್ತು ದಾಟಿರುತ್ತದೆ. ಸಿಆರ್‌ಪಿಯೂ ಏರಿರಬಹುದು. ಒಂದೇ ಒಂದು ಆ್ಯಂಟಿಬಾಡಿ ಟೆಸ್ಟ್ ಮಾಡದೆಯೇ 6 ಅಂಕ ಬಂದಾಯಿತು! ಈ ಎಡವಟ್ಟು ಆಗಬಾರದೆಂದೇ ಪಟ್ಟಿಯ ತಲೆಯ ಮೇಲೆ ಒಂದು ಷರತ್ತು ಇದೆ: ಗಂಟಿನ ಊತಕ್ಕೆ ಬೇರೆ ಕಾಯಿಲೆಯ ವಿವರಣೆ ಸರಿಯಾಗಿ ಹೊಂದುವುದಾದರೆ ಅಂಕ ಹಾಕಲೇಬಾರದು. ಪ್ಯಾಕೇಜಿನ ರಿಪೋರ್ಟಿನಲ್ಲಿ ಈ ಷರತ್ತು ಅಚ್ಚಾಗಿರುವುದಿಲ್ಲ. ಗೂಗಲ್ ಮಾಡಿ ತಾವೇ ಅಂಕ ಹಾಕಿಕೊಳ್ಳುವವರು ಬೀಳುವುದು ಇದೇ ಹೊಂಡಕ್ಕೆ.

ಅದೇ ಪಟ್ಟಿಯಲ್ಲಿ 6 ವಾರ ದಾಟಿದ ನೋವಿಗೆ 1 ಅಂಕ ಪ್ರತ್ಯೇಕ ಇಟ್ಟಿದ್ದಕ್ಕೂ ಕಾರಣವಿದೆ. ವೈರಸ್ ತಂದ ಗಂಟುನೋವಿನ ದೊಡ್ಡ ಪಾಲು ಆರು ವಾರದೊಳಗೆ ಇಳಿಮುಖವಾಗುತ್ತದೆ. ಪಾರ್ವೊ ವೈರಸ್ ಬಿ19 ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳಿಗೆ ಕೆನ್ನೆ ಕೆಂಪಾಗಿ ಹೋಗುವ ಸಣ್ಣ ಜ್ವರ ಅದು. ಅದೇ ಮನೆಯ ಅಮ್ಮನಿಗೋ ಅಂಗನವಾಡಿ ಟೀಚರಿಗೋ ಬಂದರೆ ಬೆರಳ ಗಂಟುಗಳೆಲ್ಲ ಬಾತು, ನೋಡಿದರೆ ಆರ್‌ಎ ಎನ್ನಿಸುತ್ತದೆ. ಆ ಕೆಲವು ವಾರ ಆರ್‌ಎ ಫ್ಯಾಕ್ಟರ್, ಎಎನ್‌ಎ ಕೂಡ ಸಣ್ಣ ಪ್ರಮಾಣದಲ್ಲಿ ಪಾಸಿಟಿವ್ ಬಂದು ಆಮೇಲೆ ತಾನಾಗಿ ಹೋಗಬಹುದು.

ಚಿಕುನ್‌ಗುನ್ಯ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕರಾವಳಿಗೆ ಇದು ಹೊಸತೂ ಅಲ್ಲ. 2008ರಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹಬ್ಬಿದಾಗ ರಬ್ಬರ್ ಮರದ ಹಾಲು ಹಿಡಿಯುವ ಕಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಎಲ್ಲವೂ ಈಡಿಸ್ ಸೊಳ್ಳೆಯ ತೊಟ್ಟಿಲಾಗಿದ್ದವು. ಅಂದು ನೋವು ಹಿಡಿದವರಲ್ಲಿ ಹಲವರಿಗೆ ಅದು ತಿಂಗಳುಗಟ್ಟಲೆ ಉಳಿಯಿತು. ಆದ್ದರಿಂದ ‘ಆರು ವಾರ ದಾಟಿದೆ, ಹಾಗಾದರೆ ಆರ್‌ಎಯೇ’ ಎನ್ನುವುದೂ ತಪ್ಪು. ಆರು ವಾರದ ಮೇಲೆ ಆ್ಯಂಟಿ ಸಿಸಿಪಿ ಮಾಡಿಸಿದರೆ ಅದಕ್ಕೊಂದು ಬೆಲೆ ಬರುತ್ತದೆ, ಅಷ್ಟೆ. ಚಿಕುನ್‌ಗುನ್ಯದ ಗಂಟುನೋವಿನಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್, ಆರ್‌ಎಯಲ್ಲಿ ಸುಮಾರು ಮೂರರಲ್ಲಿ ಎರಡು ಮಂದಿಗೆ ಪಾಸಿಟಿವ್.

ಈಗ ಒಂದೊಂದೇ ಟೆಸ್ಟ್.

ಆರ್‌ಎ ಫ್ಯಾಕ್ಟರ್. ಹೆಸರೇ ಮೋಸದ್ದು. ಆರೋಗ್ಯವಂತರಲ್ಲೂ ನೂರರಲ್ಲಿ ಸುಮಾರು ಐವರಿಗೆ ಪಾಸಿಟಿವ್ ಬರುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಹೆಪಟೈಟಿಸ್ ಸಿ, ಕ್ಷಯ, ಕುಷ್ಠ, ಮಲೇರಿಯ, ಹೃದಯದ ಕವಾಟದ ಸೋಂಕು, ಎಲ್ಲದರಲ್ಲೂ ಬರಬಹುದು. ಮಲೇರಿಯ ಮಂಗಳೂರಿನ ಹಳೆಯ ನೆಂಟ ಎಂಬುದನ್ನು ಮರೆಯಬೇಡಿ. ರಿಪೋರ್ಟಿನಲ್ಲಿ ಪಾಸಿಟಿವ್, ನೆಗೆಟಿವ್ ಎಂದಷ್ಟೇ ಇದ್ದರೆ ಅದು ಲೇಟೆಕ್ಸ್ ಸ್ಲೈಡ್ ವಿಧಾನ. ಗಾಜಿನ ಮೇಲೆ ಗಂಟುಗಟ್ಟಿತೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿ ಬರೆದದ್ದು. ಅಂಕಿ ಕೊಡುವ ಟರ್ಬಿಡಿಮೆಟ್ರಿ ಅಥವಾ ನೆಫೆಲೊಮೆಟ್ರಿ ಇದ್ದಲ್ಲೇ ಮಾಡಿಸಿ. ಯಾಕೆಂದರೆ ಲ್ಯಾಬಿನ ಮಿತಿ 14 ಇದ್ದು ನಿಮ್ಮದು 24 ಬಂದರೆ ಅದು ‘ಕಡಿಮೆ ಪಾಸಿಟಿವ್’. ಮಿತಿಯ ಮೂರು ಪಟ್ಟು, ಅಂದರೆ 42 ದಾಟಿದರೆ ಮಾತ್ರ ‘ಹೆಚ್ಚು ಪಾಸಿಟಿವ್’. ಎರಡಕ್ಕೂ ತೂಕ ಬೇರೆ.

ಸಿಆರ್‌ಪಿ ಒಳ್ಳೆಯ ಟೆಸ್ಟ್, ಯೂನಿಟ್ ನೋಡದಿದ್ದರೆ ಕೆಟ್ಟ ಟೆಸ್ಟ್. ಒಂದು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತದೆ, ಇನ್ನೊಂದು ಡೆಸಿಲೀಟರಿಗೆ ಇಷ್ಟು ಎನ್ನುತ್ತದೆ. ಲೀಟರಿಗೆ 24 ಎಂದರೂ ಡೆಸಿಲೀಟರಿಗೆ 2.4 ಎಂದರೂ ಒಂದೇ. ಕಂಕನಾಡಿಯಲ್ಲಿ ಒಮ್ಮೆ, ಮಣಿಪಾಲದಲ್ಲಿ ಒಮ್ಮೆ ಮಾಡಿಸಿ ‘24 ಇದ್ದದ್ದು 2.4ಕ್ಕೆ ಇಳಿಯಿತು’ ಎಂದು ಮದ್ದು ನಿಲ್ಲಿಸುವವರಿಗೆ ಈ ಸಾಲು. ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡು ಮೂರು ದಿನಕ್ಕೆ ಮಾಡಿಸಿದರೆ ಇಳಿದ ಅಂಕಿ ಬರುವುದೂ ಸಹಜ. ಅದು ಕಾಯಿಲೆ ಇಳಿದದ್ದಲ್ಲ, ಮುಚ್ಚಿದ್ದು.

ಇಎಸ್‌ಆರ್ ಅಗ್ಗದ್ದು, ಆದರೆ ಕೆಡಲು ಹತ್ತು ದಾರಿ. ಕಪ್ಪು ಮುಚ್ಚಳದ ಸಣ್ಣ ಟ್ಯೂಬಿನಲ್ಲಿ 0.4 ಮಿಲಿ ಸಿಟ್ರೇಟ್ ಮೊದಲೇ ಇರುತ್ತದೆ, ಅದಕ್ಕೆ 1.6 ಮಿಲಿ ರಕ್ತ ಗುರುತಿನವರೆಗೆ ತುಂಬಬೇಕು. ನಾಲ್ಕಕ್ಕೆ ಒಂದರ ಈ ಅಳತೆ ತಪ್ಪಿದರೆ ಅಂಕಿಯೂ ತಪ್ಪು. ಕೋಣೆಯ ಉಷ್ಣಾಂಶದಲ್ಲಿ 4 ಗಂಟೆಯೊಳಗೆ ಸ್ಟ್ಯಾಂಡಿಗೆ ಏರಿಸಬೇಕು. ಕೊಳವೆ ಸ್ವಲ್ಪ ವಾಲಿದರೂ ಕೆಂಪುಕಣಗಳು ಬೇಗ ಜಾರಿ ಅಂಕಿ ಏರುತ್ತದೆ, ಸೆಕೆ ಹೆಚ್ಚಾದರೂ ಏರುತ್ತದೆ. ಮನೆಗೆ ಬಂದು ರಕ್ತ ತೆಗೆಯುವ ಸೇವೆಯಲ್ಲಿ ಮೊದಲು ಪೆಟ್ಟು ತಿನ್ನುವುದು ಇದೇ ಟೆಸ್ಟ್. ಕುಂದಾಪುರದ ಕಡೆ ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಸ್ಕೂಟರಿನ ಬ್ಯಾಗಿನಲ್ಲಿ ಇನ್ನೂ ಆರು ಮನೆ ಸುತ್ತಿ, ಬಸ್ಸಿನಲ್ಲಿ ಮಂಗಳೂರು ಮುಟ್ಟುವಾಗ ಮಧ್ಯಾಹ್ನ. ರಕ್ತಹೀನತೆ, ಬಸಿರು, ವಯಸ್ಸು ಕೂಡ ಇಎಸ್‌ಆರ್ ಏರಿಸುತ್ತವೆ. ಅಂದಾಜಿಗೆ ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದರೆ ಮೇಲಿನ ಮಿತಿ ಸಿಗುತ್ತದೆ. 60ರ ಅಮ್ಮನಿಗೆ 35 ಬಂದರೆ ಮನೆಮಂದಿ ಗಾಬರಿಯಾಗಬೇಕಿಲ್ಲ.

ಎಎನ್‌ಎ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಹೆದರಿಕೆ ಹುಟ್ಟಿಸುವುದರಲ್ಲಿ ಇದರದೇ ಮೇಲುಗೈ. ಒಳ್ಳೆಯ ವಿಧಾನ ಐಎಫ್‌ಎ. ಹೆಪ್-2 ಎಂಬ ಜೀವಕೋಶಗಳ ಸ್ಲೈಡಿನ ಮೇಲೆ ನಿಮ್ಮ ಸೀರಂ ಹಾಕಿ, ಹೊಳೆಯುವ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಮನುಷ್ಯರೇ ಕುಳಿತು ನೋಡುತ್ತಾರೆ. ಸೀರಂ ಅನ್ನು ತೆಳು ಮಾಡುತ್ತ ಹೋದಾಗ ಎಲ್ಲಿಯವರೆಗೆ ಹೊಳಪು ಉಳಿಯಿತು ಎಂಬುದೇ ಟೈಟರ್. ಕಾಯಿಲೆಯಿಲ್ಲದವರಲ್ಲೂ 1:40ರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ, 1:80ರಲ್ಲಿ ಸುಮಾರು 13 ಮಂದಿಗೆ, 1:160ರಲ್ಲಿ ಸುಮಾರು 5 ಮಂದಿಗೆ ಹೊಳಪು ಕಾಣುತ್ತದೆ. ಜ್ವರ ಬಿಟ್ಟ ಹೊಸತರಲ್ಲಿ ಇನ್ನಷ್ಟು ಮಂದಿಗೆ ಕಂಡರೆ ಅಚ್ಚರಿಯಿಲ್ಲ. ‘1:80 ಫೈನ್ ಸ್ಪೆಕಲ್ಡ್, ವೀಕ್ ಪಾಸಿಟಿವ್’ ಎಂಬ ಸಾಲು ಹಿಡಿದುಕೊಂಡು ಲೂಪಸ್ (ರಕ್ಷಣಾ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಎಂದು ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ. ಪ್ಯಾಕೇಜ್‌ಗಳಲ್ಲಿ ಬರುವ ಎಎನ್‌ಎ ಹಲವು ಸಲ ಎಲೈಸಾ ವಿಧಾನದ್ದು. ಅದರಲ್ಲಿ ಬರೀ ಒಂದು ಅಂಕಿ, ಟೈಟರೂ ಇಲ್ಲ, ಹೊಳಪಿನ ನಮೂನೆಯೂ ಇಲ್ಲ. ವೈದ್ಯರು ಎಎನ್‌ಎ ಬರೆದುಕೊಟ್ಟಿದ್ದರೆ ಕೌಂಟರಿನಲ್ಲಿ ‘ಐಎಫ್‌ಎ ಉಂಟಾ? ಇಲ್ಲೇ ಮಾಡ್ತೀರಾ, ಹೊರಗೆ ಕಳಿಸ್ತೀರಾ?’ ಎಂದು ಕೇಳಿ. ಹೊರಗೆ ಕಳಿಸುವುದು ತಪ್ಪಲ್ಲ, ರಿಪೋರ್ಟಿಗೆ ಎರಡು ಮೂರು ದಿನ ಹೆಚ್ಚು ಹಿಡಿಯಬಹುದು ಅಷ್ಟೆ.

ಎಎನ್‌ಎ ಮಾಡಿಸಲು ಕಾರಣ ಬೇಕು: ಬಿಸಿಲಿಗೆ ಕೆನ್ನೆ, ಮೂಗಿನ ಮೇಲೆ ಕೆಂಪಾಗುವುದು, ಬಾಯಲ್ಲಿ ಮತ್ತೆ ಮತ್ತೆ ನೋವಿಲ್ಲದ ಹುಣ್ಣು, ಚಳಿಗೆ ಬೆರಳು ಬಿಳಿಚಿ ನೀಲಿಯಾಗುವುದು, ಒಣಕಣ್ಣು, ಮೂತ್ರದಲ್ಲಿ ನೊರೆ. ಈ ಕೊನೆಯದಕ್ಕಾಗಿಯೇ ಯೂರಿನ್ ರೊಟೀನ್ ಬೇಕೆಂದದ್ದು. ಲೂಪಸ್ ಮೂತ್ರಪಿಂಡಕ್ಕೆ ಇಳಿದರೆ ನೋವೇ ಇರುವುದಿಲ್ಲ, ಪ್ರೋಟೀನ್ ಮಾತ್ರ ಸೋರುತ್ತದೆ. ಬೆಳಗಿನ ಮೊದಲ ಮೂತ್ರದ ನಡುವಿನ ಧಾರೆ ಹಿಡಿದು ಒಂದೆರಡು ಗಂಟೆಯೊಳಗೆ ಕೊಟ್ಟರೆ ಸಾಕು, ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಖರ್ಚಿನದು.

ಎಎಸ್‌ಒ ದೊಡ್ಡವರ ಗಂಟುನೋವಿಗೆ ಹೆಚ್ಚಿನ ಪಾಲು ದಂಡ. ಹಿಂದೆ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಬಂದಿತ್ತು ಎನ್ನುತ್ತದೆ, ಅಷ್ಟೆ. ಮಕ್ಕಳಲ್ಲಿ ರುಮಾಟಿಕ್ ಜ್ವರದ ಸಂಶಯವಿದ್ದರೆ ಮಾತು ಬೇರೆ. ಯೂರಿಕ್ ಆ್ಯಸಿಡ್ ಟೆಸ್ಟ್ ಗೌಟ್ (ಆ ಆ್ಯಸಿಡ್ ಹರಳುಗಟ್ಟಿ ಗಂಟು ಬಾಯುವ ಕಾಯಿಲೆ) ಉಕ್ಕಿದ ದಿನವೇ ನಾರ್ಮಲ್ ಬರಬಹುದು. ಬಿ27 ಬೆನ್ನಿನ ಕೆಳಭಾಗ ಬೆಳಗಿನ ಜಾವ ಹಿಡಿದುಕೊಳ್ಳುವ ಯುವಕರಿಗೆ ಸರಿ, ಉಳಿದವರಿಗೆ ಬೇಡ.

‘ವೈರಲ್ ಟ್ರಿಗರ್’ ಮಾರುವವರ ಹಿಂದೆ ಒಂದು ನಿಜವಾದ ವಿಜ್ಞಾನ ಇದೆ, ಅದಕ್ಕೇ ಅದು ಖರ್ಚಾಗುತ್ತದೆ. ವೈರಸ್ಸಿನ ಪ್ರೋಟೀನಿನ ಒಂದು ತುಂಡು ನಮ್ಮದೇ ದೇಹದ ಪ್ರೋಟೀನಿನ ತುಂಡನ್ನು ಹೋಲಿದರೆ, ವೈರಸ್ಸಿಗೆಂದು ತಯಾರಾದ ಆ್ಯಂಟಿಬಾಡಿ ಮನೆಯವರನ್ನೇ ಕಳ್ಳನೆಂದು ಹಿಡಿಯುತ್ತದೆ. ಸೋಂಕಿನ ಗದ್ದಲದಲ್ಲಿ ಅದುವರೆಗೆ ಸುಮ್ಮನಿದ್ದ, ಸ್ವಂತ ದೇಹದ ಮೇಲೇ ತಿರುಗಿಬೀಳಬಲ್ಲ ರಕ್ಷಣಾ ಕೋಶಗಳು ಎಚ್ಚರಗೊಳ್ಳುವುದು ಇನ್ನೊಂದು ದಾರಿ. ದೇಹದ ಅಂಗಾಂಶ ಒಡೆದು ಒಳಗಿನ ವಸ್ತುಗಳು ಹೊರಗೆ ಬಿದ್ದಂತೆ ಗುರಿಗಳ ಪಟ್ಟಿ ಬೆಳೆಯುತ್ತ ಹೋಗುವುದೂ ಉಂಟು. 2022ರಲ್ಲಿ ಪ್ರಕಟವಾದ ಅಮೆರಿಕದ ಸೇನೆಯ ಅಧ್ಯಯನ ಇದರಲ್ಲಿ ದೊಡ್ಡದು. ಇಪ್ಪತ್ತು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಯೋಧರ ರಕ್ತದ ದಾಖಲೆ, ಅವರಲ್ಲಿ 955 ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ರಕ್ಷಣಾ ವ್ಯವಸ್ಥೆ ಮೆದುಳು, ಬೆನ್ನುಹುರಿಯ ನರಗಳ ಕವಚವನ್ನು ಕೆಡಿಸುವ ಕಾಯಿಲೆ. ಪರೀಕ್ಷಿಸಲು ರಕ್ತ ಸಿಕ್ಕ 801 ರೋಗಿಗಳಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಎಪ್‌ಸ್ಟೀನ್-ಬಾರ್ ಸೋಂಕು ತಗಲಿತ್ತು. ಸೋಂಕಿನ ನಂತರ ಅಪಾಯ 32 ಪಟ್ಟು. ಅದೇ ಬಗೆಯಲ್ಲಿ ಹರಡುವ ಸೈಟೊಮೆಗಲೊ ವೈರಸ್ಸಿಗೆ ಈ ನಂಟು ಕಾಣಲಿಲ್ಲ. ಅದೇ ವರ್ಷ, ಈ ವೈರಸ್ಸಿನ ಇಬಿಎನ್‌ಎ1 ಪ್ರೋಟೀನಿಗೂ ಮೆದುಳಿನ ಗ್ಲಿಯಲ್‌ಕ್ಯಾಮ್ ಪ್ರೋಟೀನಿಗೂ ಹೋಲಿಕೆ ಇರುವುದನ್ನು ಇನ್ನೊಂದು ತಂಡ ತೋರಿಸಿತು.

ಆದರೆ ಈ ವೈರಸ್ ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಆಗಲೇ ಮನೆ ಮಾಡಿಕೊಂಡಿದೆ. ಅವರಲ್ಲಿ ಎಲ್ಲೋ ಕೆಲವರಿಗೆ ಮಾತ್ರ ಕಾಯಿಲೆ. ಪ್ಯಾಕೇಜಿನಲ್ಲಿರುವ ವಿಸಿಎ ಐಜಿಜಿ (ಈ ವೈರಸ್ ಹಿಂದೆಂದೋ ತಗಲಿದ್ದನ್ನು ತೋರಿಸುವ ಆ್ಯಂಟಿಬಾಡಿ) ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವ ಯಾರಿಗೆ ಮಾಡಿದರೂ ಪಾಸಿಟಿವ್ ಬರುವ ಸಾಧ್ಯತೆಯೇ ಹೆಚ್ಚು. ಕಾಯಿಲೆ ಯಾಕೆ ಬಂತು ಎಂಬುದನ್ನೂ ಅದು ಹೇಳುವುದಿಲ್ಲ, ಚಿಕಿತ್ಸೆಯನ್ನೂ ಬದಲಿಸುವುದಿಲ್ಲ. ದುಡ್ಡು ಕೊಡಬೇಡಿ.

ಚಿಕಿತ್ಸೆ ಬದಲಿಸುವ ವೈರಸ್ ಟೆಸ್ಟ್‌ಗಳು ಬೇರೆ ಇವೆ. ಹೆಪಟೈಟಿಸ್ ಬಿ ಕಾಮಾಲೆ ಕಾಣುವ ಮೊದಲೇ ಗಂಟುನೋವು, ತುರಿಕೆಯ ದದ್ದು ತರಬಹುದು. ಹೆಪಟೈಟಿಸ್ ಸಿ ಆರ್‌ಎ ಫ್ಯಾಕ್ಟರನ್ನು ಪಾಸಿಟಿವ್ ಮಾಡಿ ಆರ್‌ಎಯ ವೇಷ ಹಾಕುತ್ತದೆ, ಈಗ ಬಹುತೇಕ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ. ಇವೆರಡನ್ನು ನೋಡದೆ ಆರ್‌ಎಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿದರೆ ಯಕೃತ್ತಿಗೆ ಅಪಾಯ, ಮಲಗಿದ್ದ ಬಿ ವೈರಸ್ ಏಳಲೂಬಹುದು. ಎಚ್‌ಬಿಎಸ್‌ಎಜಿ, ಆ್ಯಂಟಿ ಎಚ್‌ಸಿವಿ ಬಿಟ್ಟು ವಿಟಮಿನ್ ಡಿ ಸೇರಿಸಿದ ಪ್ಯಾಕೇಜನ್ನು ಯಾರು ಯೋಚಿಸಿ ಮಾಡಿದರೋ!

ಚಿಕುನ್‌ಗುನ್ಯ ಟೆಸ್ಟಿಗೂ ದಿನದ ಲೆಕ್ಕ ಉಂಟು. ಮೊದಲ ವಾರದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ ಪಿಸಿಆರ್. ಐಜಿಎಂ, ಅಂದರೆ ಸೋಂಕಿಗೆ ಮೊದಲು ತಯಾರಾಗುವ ಆ್ಯಂಟಿಬಾಡಿ, ಸಾಮಾನ್ಯವಾಗಿ ಐದನೇ ದಿನದ ಸುಮಾರಿಗೆ ಏಳುತ್ತದೆ, ಎರಡನೇ ದಿನ ಮಾಡಿಸಿ ನೆಗೆಟಿವ್ ಬಂದರೆ ಅರ್ಥವಿಲ್ಲ. ಐಜಿಎಂ ತಿಂಗಳುಗಟ್ಟಲೆ ಇರಬಹುದು, ಹಾಗಾಗಿ ಜ್ವರದ ಸಮಯದಲ್ಲಿ ಬಿಟ್ಟುಹೋಗಿದ್ದರೂ ಮೂರನೇ ವಾರ ಮಾಡಿಸಿದರೆ ಸಿಗುತ್ತದೆ. ದೀರ್ಘಕಾಲ ಉಳಿಯುವ ಐಜಿಜಿ ಒಂದೇ ಪಾಸಿಟಿವ್ ಎಂದರೆ 2008ರದ್ದೂ ಇರಬಹುದು. ಡೆಂಗ್ಯೂ ಜೊತೆಯಲ್ಲೇ ನೋಡಬೇಕು, ಎರಡನ್ನೂ ಒಂದೇ ಸೊಳ್ಳೆ ಹೊತ್ತು ತರುತ್ತದೆ. ಡೆಂಗ್ಯೂವಿನ ಎನ್‌ಎಸ್1 (ವೈರಸ್ಸಿನ ಪ್ರೋಟೀನ್ ಹುಡುಕುವ) ಎಲೈಸಾಕ್ಕೆ 300, ಐಜಿಎಂ ಎಲೈಸಾಕ್ಕೆ 300, ರ‍್ಯಾಪಿಡ್ ಕಾರ್ಡಿಗೆ 250 ರೂಪಾಯಿ ಎಂದು ರಾಜ್ಯ ಸರ್ಕಾರ 2024ರಲ್ಲಿ ಖಾಸಗಿ ಲ್ಯಾಬ್‌ಗಳಿಗೆ ಮಿತಿ ಹಾಕಿತ್ತು. ಬಿಲ್ಲು ಕೈಗೆ ಬಂದಾಗ ಇದನ್ನು ನೆನಪಿಡಿ. ಡೆಂಗ್ಯೂ ಅಲ್ಲವೆಂದು ಖಾತ್ರಿಯಾಗುವವರೆಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ. ಪ್ಲೇಟ್‌ಲೆಟ್ ಇಳಿದಿರುವಾಗ ರಕ್ತಸ್ರಾವದ ಭಯ. ಪ್ಯಾರಾಸಿಟಮಾಲ್ 650ರ ಮಾತ್ರೆ ದಿನಕ್ಕೆ ನಾಲ್ಕು ಬಾರಿ ಎಂದರೂ 2.6 ಗ್ರಾಂ, ಯಕೃತ್ತು ಸರಿ ಇರುವ ದೊಡ್ಡವರಿಗೆ ಮಿತಿಯೊಳಗೇ.

ರಕ್ತ ಕೊಡುವ ಸೇವೆಯ ಬಗ್ಗೆ. ‘ಹನ್ನೆರಡು ಗಂಟೆ ಫಾಸ್ಟಿಂಗ್’ ಎನ್ನುವುದು ಪ್ಯಾಕೇಜಿನಲ್ಲಿ ತುರುಕಿದ ಶುಗರ್, ಕೊಲೆಸ್ಟರಾಲಿಗಾಗಿ. ಆರ್‌ಎ ಫ್ಯಾಕ್ಟರ್, ಸಿಸಿಪಿ, ಎಎನ್‌ಎ, ಸಿಆರ್‌ಪಿ ಯಾವುದಕ್ಕೂ ಉಪವಾಸ ಬೇಡ, ಗಂಜಿ ಉಂಡೇ ಹೋಗಬಹುದು. ಕೂದಲಿಗೆಂದು ಬಯೊಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ ಹೋಗಿ. ಕೆಲವು ಇಮ್ಯುನೊಅಸ್ಸೇ ಯಂತ್ರಗಳ ಲೆಕ್ಕವನ್ನು ಅದು ತಪ್ಪಿಸುತ್ತದೆ. ತೋಳಿನ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ನೇರಳೆ ಮುಚ್ಚಳದ ಟ್ಯೂಬನ್ನು ಎಂಟು ಹತ್ತು ಸಲ ಮೆತ್ತಗೆ ಮಗುಚಬೇಕು, ಕುಲುಕಬಾರದು. ಕುಲುಕಿದರೆ ಕಣ ಒಡೆಯುತ್ತದೆ. ಹಳದಿ ಮುಚ್ಚಳದ ಜೆಲ್ ಟ್ಯೂಬ್ ಅರ್ಧ ಗಂಟೆ ನೆಟ್ಟಗೆ ನಿಂತು ಹೆಪ್ಪುಗಟ್ಟಿದ ಮೇಲೆಯೇ ಸೆಂಟ್ರಿಫ್ಯೂಜ್. ಟ್ಯೂಬಿನ ಮೇಲೆ ಹೆಸರು ನಿಮ್ಮೆದುರೇ ಬರೆಯಲಿ. ಇಎಸ್‌ಆರ್ ಬೇಕಿದ್ದರೆ ಮನೆಗೆ ಕರೆಸುವುದಕ್ಕಿಂತ ಲ್ಯಾಬಿಗೇ ಹೋಗುವುದು ಲೇಸು.

ಬೋರ್ಡಿನಲ್ಲಿ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಎಂದಿದ್ದ ಮಾತ್ರಕ್ಕೆ ಎಲ್ಲ ಟೆಸ್ಟಿಗೂ ಮಾನ್ಯತೆ ಇದೆ ಎಂದಲ್ಲ. ಅದು ಟೆಸ್ಟ್ ಟೆಸ್ಟಿಗೆ ಬೇರೆ ಬೇರೆ. ‘ಎಎನ್‌ಎ ನಿಮ್ಮ ಸ್ಕೋಪಿನಲ್ಲಿ (ಮಾನ್ಯತೆಯ ಪಟ್ಟಿಯಲ್ಲಿ) ಉಂಟಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೀಗಾಗಿ ಪ್ಯಾಕೇಜ್ ಬಿಟ್ಟು ಬಿಡಿಬಿಡಿಯಾಗಿ ತೆಗೆದುಕೊಳ್ಳಿ. ಈಗ ಸಿಬಿಸಿ, ಸಿಆರ್‌ಪಿ, ಕ್ರಿಯೇಟಿನಿನ್, ಲಿವರ್ ಟೆಸ್ಟ್, ಚಿಕುನ್‌ಗುನ್ಯ ಐಜಿಎಂ, ಎರಡು ಹೆಪಟೈಟಿಸ್ ಟೆಸ್ಟ್, ಯೂರಿನ್ ರೊಟೀನ್. ಆರು ವಾರ ದಾಟಿಯೂ ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆರಳು ಮಡಚದಿದ್ದರೆ, ಬಾವು ಕಣ್ಣಿಗೆ ಕಾಣುವಂತಿದ್ದರೆ ಆ್ಯಂಟಿ ಸಿಸಿಪಿ, ಆರ್‌ಎ ಫ್ಯಾಕ್ಟರ್, ಜೊತೆಗೆ ರುಮಟಾಲಜಿಸ್ಟ್. ಕಾಲಿನ ಬಲಹೀನತೆ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ಒಂದೇ ಗಂಟು ಕೆಂಡದಂತೆ ಬಿಸಿಯಾಗಿ ಬಾತು ಜ್ವರವೂ ಇದ್ದರೆ ಆರು ವಾರದ ಲೆಕ್ಕ ಅಲ್ಲ, ಅದೇ ದಿನ ವೆನ್ಲಾಕೋ ಹತ್ತಿರದ ದೊಡ್ಡ ಆಸ್ಪತ್ರೆಯೋ. ಮೇಲೇರುವ ಬಲಹೀನತೆ ಗಿಲನ್-ಬಾರೆ ಎಂಬ ನರಗಳ ಕಾಯಿಲೆ ಇರಬಹುದು, ಒಂದೇ ಗಂಟಿನದು ಕೀವು ಇರಬಹುದು.

ವೈದ್ಯರ ಹತ್ತಿರ ಹೋಗುವಾಗ ವಾಟ್ಸ್ಆ್ಯಪಿನಲ್ಲಿ ಬಂದ ಪಿಡಿಎಫ್‌ಗಳ ಜೊತೆ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಜ್ವರ ಶುರುವಾದ ತಾರೀಕು, ಗಂಟು ಮೊದಲು ನೋಯತೊಡಗಿದ ತಾರೀಕು, ಮನೆಯಲ್ಲಿ ಇನ್ನಾರಿಗೆ ಜ್ವರ ಬಂದಿತ್ತು, ಮತ್ತು ಯಾವ ದಿನ ಯಾವ ಇಂಜೆಕ್ಷನ್ ಚುಚ್ಚಿದರು. ಇಂಜೆಕ್ಷನಿನ ಹೆಸರು ಗೊತ್ತಿಲ್ಲದಿದ್ದರೆ ಚುಚ್ಚಿದ ಕ್ಲಿನಿಕ್ಕಿಗೇ ಫೋನು ಮಾಡಿ ಕೇಳಿಕೊಳ್ಳಿ.